ಫೋಟೋ ತಡೆದ ಮೂರು ನಾಕೆಗಳು

ಅಕ್ಕಲಕೋಟೆ ತಾಲೂಕು ಮಹಾರಾಷ್ಟ್ರದಲ್ಲಿದ್ದರೂ ದುಧನಿ, ಮೈಂದರ್ಗಿಯಂಥ ಊರುಗಳಲ್ಲಿ ಎಷ್ಟೋ ಮನೆಗಳ ಮಾತು ಕನ್ನಡ. ಆ ಮನೆಗಳಲ್ಲಿ ಹಳೆಯ ಕನ್ನಡ ಶಾಲಾಪುಸ್ತಕಗಳಿವೆ, ಭಜನೆಯ ಪದಗಳನ್ನು ಕೈಯಲ್ಲಿ ಬರೆದಿಟ್ಟ ವಹಿಗಳಿವೆ. ಅವು ಗೆದ್ದಲಿನ ಪಾಲಾಗುವ ಮೊದಲು ಪುಟಪುಟವನ್ನೂ ಫೋಟೋ ತೆಗೆದು ಕೂಡಿಸೋಣವೆಂದು ಸೊಲ್ಲಾಪುರದಲ್ಲಿ ನಾವು ಕೆಲವರು ಚಿಕ್ಕದೊಂದು ಜಾಲತಾಣ ಮಾಡಿದೆವು. ಹಳ್ಳಿಯ ಮಾಸ್ತರರೊಬ್ಬರು ಫೋನ್ ಮಾಡಿ, “ಸರ, ಸಣ್ಣ ಫೋಟೋ ಹೋಗ್ತಾವ್ರಿ, ದೊಡ್ಡವು ಹೋಗವಲ್ಲವು” ಎಂದರು. ಪರದೆಯ ಮೇಲೆ ಬಂದದ್ದು ಸಂಪರ್ಕ ಕಡಿದುಹೋಯಿತೆಂಬ ಒಂದೇ ಮಾತು. ನೆಟ್‌ವರ್ಕ್ ಸರಿಯಿಲ್ಲವೆಂದು ಅವರು ತಿಳಿದಿದ್ದರು. ನಿಜದಲ್ಲಿ ನೆಟ್‌ವರ್ಕ್ ಸರಿಯಾಗಿಯೇ ಇತ್ತು. ಫೋಟೋ ಬೇಡವೆಂದದ್ದು ಸರ್ವರ್.

ಸರ್ವರ್ ಹೀಗೆ ಬೇಡವೆನ್ನಲು ಕಲಿತದ್ದು ಯಾವಾಗ? ಬ್ರೌಸರ್‌ನಿಂದ ಫೈಲ್ ಕಳಿಸುವ ಸೌಲಭ್ಯವೇ ವೆಬ್ಬಿನ ಆರಂಭದಲ್ಲಿ ಇರಲಿಲ್ಲ. ಫಾರ್ಮ್‌ನಲ್ಲಿ ಹೆಸರು, ವಿಳಾಸ ಟೈಪ್ ಮಾಡಿ ಕಳಿಸಬಹುದಿತ್ತು, ಅಷ್ಟೆ. ಆ ಪದ್ಧತಿಯಲ್ಲಿ ಅಕ್ಷರವಲ್ಲದ ಒಂದೊಂದು ಬೈಟನ್ನೂ ಮೂರು ಅಕ್ಷರಗಳಾಗಿ ಬರೆಯಬೇಕಾಗಿದ್ದರಿಂದ, ಫೋಟೋ ಕಳಿಸಹೊರಟರೆ ಅದು ಊದಿಕೊಂಡು ಎರಡು-ಮೂರು ಪಟ್ಟಾಗುತ್ತಿತ್ತು. 1995ರ ನವೆಂಬರ್‌ನಲ್ಲಿ ಜೆರಾಕ್ಸ್ ಕಂಪನಿಯ ಅರ್ನೆಸ್ಟೊ ನೆಬೆಲ್ ಮತ್ತು ಲ್ಯಾರಿ ಮಾಸಿಂಟರ್ ‘ಆರ್‌ಎಫ್‌ಸಿ 1867’ ಎಂಬ ಪ್ರಸ್ತಾವದಲ್ಲಿ ಇದಕ್ಕೆ ದಾರಿ ತೋರಿದರು. ಫಾರ್ಮ್‌ನ ಪ್ರತಿಯೊಂದು ಭಾಗದ ನಡುವೆ ಒಂದು ಗಡಿಗೆರೆ ಹಾಕಿ, ಫೈಲನ್ನು ಇದ್ದದ್ದು ಇದ್ದಂತೆಯೇ ಸಾಗಿಸುವುದು ಅವರ ಉಪಾಯ. ನೆಟ್‌ಸ್ಕೇಪ್ ಬ್ರೌಸರಿನ ಎರಡನೆಯ ಆವೃತ್ತಿ ಅದನ್ನು ಅಳವಡಿಸಿಕೊಂಡಿತು. ಇಂದು ನಾವು ಒತ್ತುವ ‘ಫೈಲ್ ಆರಿಸಿ’ ಎಂಬ ಗುಂಡಿಯ ಮೂಲ ಅದು.

ಬಾಗಿಲು ತೆರೆದಮೇಲೆ ಎಷ್ಟು ದೊಡ್ಡದನ್ನು ಒಳಗೆ ಬಿಡುವುದೆಂಬ ಪ್ರಶ್ನೆ ಎದ್ದಿತು. ಬರುವ ಫೈಲನ್ನು ಸರ್ವರ್ ಎಲ್ಲಾದರೂ ಇರಿಸಿಕೊಳ್ಳಲೇಬೇಕು. ಕಿಡಿಗೇಡಿಯೊಬ್ಬ ಬೇಕೆಂದೇ ಅಗಾಧ ಫೈಲುಗಳನ್ನು ಸುರಿಯುತ್ತ ಹೋದರೆ ಡಿಸ್ಕ್ ತುಂಬಿ ಉಳಿದವರ ಕೆಲಸವೂ ನಿಲ್ಲುತ್ತದೆ. ಆದರೆ 1996ರ ಮೇ ತಿಂಗಳಲ್ಲಿ ಬಂದ, ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮಗಳನ್ನು ಹೇಳುವ ಎಚ್‌ಟಿಟಿಪಿ 1.0 ದಾಖಲೆಯಲ್ಲಿ ‘ಇದು ತೀರ ದೊಡ್ಡದು’ ಎಂದು ಹೇಳಲು ಪ್ರತ್ಯೇಕ ಸಂಖ್ಯೆಯಿರಲಿಲ್ಲ. 1997ರ ಜನವರಿಯ ಎಚ್‌ಟಿಟಿಪಿ 1.1 ಆ ಕೊರತೆ ತುಂಬಿ 413 ಎಂಬ ಸಂಖ್ಯೆ ಕೊಟ್ಟಿತು. ಅದರ ಜೊತೆಯ ವಿವರಣೆಯ ಮಾತು 2014ರಲ್ಲಿ ಒಮ್ಮೆ, 2022ರಲ್ಲಿ ಮತ್ತೊಮ್ಮೆ ಬದಲಾಯಿತು. ಸಂಖ್ಯೆ ಮಾತ್ರ ಹಾಗೆಯೇ ಉಳಿದಿದೆ.

ಎಷ್ಟಾದರೆ ದೊಡ್ಡದು ಎಂಬುದನ್ನು ಆ ದಾಖಲೆ ಹೇಳಲಿಲ್ಲ. ಅದನ್ನು ಒಂದೊಂದು ತಂತ್ರಾಂಶ ತಾನೇ ನಿರ್ಧರಿಸಿಕೊಂಡಿತು. ರಷ್ಯಾದ ಇಗೊರ್ ಸಿಸೊಯೆವ್ 2004ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಎಂಜಿನ್‌ಎಕ್ಸ್ ಸರ್ವರಿನಲ್ಲಿ, ನಾವಾಗಿ ಬದಲಿಸದಿದ್ದರೆ, ಮಿತಿ 1 ಎಂಬಿ. ರಾಸ್ಮಸ್ ಲೆರ್ಡಾರ್ಫ್ ಆರಂಭಿಸಿದ ಪಿಎಚ್‌ಪಿ ಭಾಷೆಯಲ್ಲಿ ಎರಡು ಮಿತಿಗಳು: ಒಂದು ಫೈಲಿಗೆ 2 ಎಂಬಿ, ಇಡೀ ಫಾರ್ಮ್‌ಗೆ 8 ಎಂಬಿ. ಇಂದಿನ ಮೊಬೈಲ್ ತೆಗೆಯುವ ಒಂದೇ ಫೋಟೋ ಎಷ್ಟೋ ಸಲ 4–5 ಎಂಬಿ ಇರುತ್ತದೆ. ನಮ್ಮ ತಾಣ ಎಂಜಿನ್‌ಎಕ್ಸ್, ಪಿಎಚ್‌ಪಿ ಎರಡರ ಮೇಲೆಯೇ ನಿಂತಿತ್ತು. ದುಧನಿಯಿಂದ ಹೊರಟ ಫೋಟೋ, ಹಿಂದೆ ಲಾರಿಗಳು ಜಕಾತಿ ನಾಕೆಗಳನ್ನು ದಾಟಬೇಕಿದ್ದಂತೆ, ಒಂದರ ಹಿಂದೆ ಒಂದಾಗಿ ಮೂರು ತಪಾಸಣೆ ದಾಟಬೇಕಿತ್ತು.

ತಡೆದದ್ದು ಯಾವುದೆಂದು ತಿಳಿಯಲು ಬೇರೆ ಬೇರೆ ಗಾತ್ರದ ಫೈಲುಗಳನ್ನು ಕಳಿಸಿ ನೋಡಿದೆವು. 900 ಕೆಬಿಯದು ಹೋಯಿತು, 1,100 ಕೆಬಿಯದು ನಿಂತಿತು. ಸರಿಯಾಗಿ 1 ಎಂಬಿಯದೂ ಹೋಗಲಿಲ್ಲ. ಗಡಿಗೆರೆಗಳ ಕೆಲವು ನೂರು ಬೈಟ್‌ಗಳು ಕೂಡಿ ಅದು ಮಿತಿ ದಾಟುತ್ತಿತ್ತು. ನಡೆದದ್ದನ್ನು ಬರೆದಿಡುವ ಪಿಎಚ್‌ಪಿಯ ಲಾಗ್‌ನಲ್ಲಿ ಈ ಯತ್ನಗಳ ಸುಳಿವೇ ಇರಲಿಲ್ಲ, ಅಂದರೆ ಫೋಟೋ ಅಲ್ಲಿಯವರೆಗೆ ಬಂದೇ ಇರಲಿಲ್ಲ. ಎಂಜಿನ್‌ಎಕ್ಸ್‌ನ ದೋಷದ ಲಾಗ್ ತೆರೆದಾಗ, ಬಂದ ವಿನಂತಿ ತೀರ ದೊಡ್ಡದೆಂಬ ಸಾಲು ಬೈಟ್‌ಗಳ ಲೆಕ್ಕದ ಸಮೇತ ಸಿಕ್ಕಿತು. ಮಾಸ್ತರರಿಗೆ 413 ಕಾಣದೆ ಹೋದದ್ದೇಕೆ ಎಂಬುದೂ ಆಗ ಗೊತ್ತಾಯಿತು. ಬ್ರೌಸರ್ ಇನ್ನೂ ಫೋಟೋ ಕಳಿಸುತ್ತಿರುವಾಗಲೇ ಸರ್ವರ್ ಉತ್ತರ ಕೊಟ್ಟು ಸಂಪರ್ಕ ಮುಚ್ಚುತ್ತದೆ. ಉತ್ತರ ಓದುವಷ್ಟರಲ್ಲಿ ದಾರಿಯೇ ಕಡಿದಿರುತ್ತದೆ. ಬ್ರೌಸರುಗಳು ಈ ದೋಷವನ್ನು ಸರಿಯಾಗಿ ತೋರಿಸಲಾರವೆಂದು ಎಂಜಿನ್‌ಎಕ್ಸ್‌ನ ಕೈಪಿಡಿಯೇ ಎಚ್ಚರಿಸುತ್ತದೆ.

‘ಕ್ಲೈಂಟ್ ಮ್ಯಾಕ್ಸ್ ಬಾಡಿ ಸೈಜ್’ ಎಂಬ ಸಾಲಿನಲ್ಲಿ ಮಿತಿ ಹೆಚ್ಚಿಸಿ ಎಂಜಿನ್‌ಎಕ್ಸ್‌ಗೆ ಸಂರಚನೆಯನ್ನು ಮತ್ತೆ ಓದಿಸಿದೆವು. ಈಗ ಫೋಟೋ 2 ಎಂಬಿಯ ಆಚೆಗೆ ನಿಂತಿತು, ಆದರೆ ಲಕ್ಷಣ ಬೇರೆಯಿತ್ತು. ಸಂಪರ್ಕ ಕಡಿಯಲಿಲ್ಲ, ಪುಟ ಬಂತು, ಫೋಟೋ ಮಾತ್ರ ಇಲ್ಲ. ಪಿಎಚ್‌ಪಿ ಅಂಥ ಫೈಲಿಗೆ ದೋಷಸಂಖ್ಯೆ 1 ಹಚ್ಚಿ ಮುಂದೆ ಸಾಗುತ್ತದೆ. ಅದನ್ನೂ ಸರಿಪಡಿಸಿದ ಮೇಲೆ ಮೂರನೆಯ ತಡೆ ಎದುರಾಯಿತು. ಹಲವು ಪುಟಗಳನ್ನು ಒಟ್ಟಿಗೆ ಕಳಿಸಿದಾಗ, ಹೆಸರು ಬರೆದಿದ್ದರೂ ತಾಣ ‘ನಿಮ್ಮ ಹೆಸರು ಬರೆಯಿರಿ’ ಎಂದು ಕೇಳಿತು. ಇಡೀ ಫಾರ್ಮ್ 8 ಎಂಬಿ ಮೀರಿದರೆ ಪಿಎಚ್‌ಪಿ ಫೋಟೋಗಳ ಜೊತೆಗೆ ಹೆಸರು, ಊರು ಎಲ್ಲವನ್ನೂ ಖಾಲಿಯಾಗಿ ಒಪ್ಪಿಸುತ್ತದೆ. ಇದು ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವ ತಡೆ. ನೋಡಿದವರಿಗೆ ಫಾರ್ಮ್ ಕೆಟ್ಟಿದೆ ಅನಿಸುತ್ತದೆಯೇ ಹೊರತು ಗಾತ್ರದ ನೆನಪೇ ಬರುವುದಿಲ್ಲ.

ಹೀಗೆ ನಿಂತ ಗಾತ್ರ ಮತ್ತು ನಿಂತ ರೀತಿ ಎರಡನ್ನೂ ಜೋಡಿಸಿ ನೋಡಿದರೆ ತಡೆದವರು ಯಾರೆಂದು ಹೇಳಬಹುದು. ಅಳವಡಿಕೆಗೂ ಒಂದು ಕ್ರಮವಿದೆ: ಒಂದು ಫೈಲಿನ ಮಿತಿಗಿಂತ ಇಡೀ ಫಾರ್ಮ್‌ನದು ದೊಡ್ಡದಿರಬೇಕು, ಎಂಜಿನ್‌ಎಕ್ಸ್‌ನದು ಫಾರ್ಮ್‌ನದಕ್ಕಿಂತ ಕಡಿಮೆಯಿರಬಾರದು. ನಾವು ಫೈಲಿಗೆ 10 ಎಂಬಿ, ಉಳಿದೆರಡಕ್ಕೂ 40 ಎಂಬಿ ಇಟ್ಟೆವು. ಮಿತಿಯನ್ನು ತೆಗೆದೇಹಾಕುವ ಯೋಚನೆ ಮಾಡಲಿಲ್ಲ, ಏಕೆಂದರೆ ಅದು ಅಲ್ಲಿರುವ ಕಾರಣ ಇಂದಿಗೂ ನಿಜ.

ಆದರೆ ಇಷ್ಟಕ್ಕೇ ಕೆಲಸ ಮುಗಿಯಿತೆಂದು ನಾನು ಒಪ್ಪಲಾರೆ. 10 ಎಂಬಿ ಮೀರಿದ ಫೋಟೋ ನಾಳೆ ಬಂದೇ ಬರುತ್ತದೆ. 1997ರಲ್ಲಿ 413ನ್ನು ರೂಪಿಸಿದವರು, ಸರ್ವರ್ ಬೇಡವೆಂದರೆ ಕಾರಣವನ್ನೂ ಹೇಳಬೇಕೆಂದು ಬಯಸಿದ್ದರು. ಆ ಕಾರಣ ಕಳಿಸಿದವರ ಕಣ್ಣಿಗೆ ಬೀಳುವಂತೆ ಮಾಡುವುದು ತಾಣ ಕಟ್ಟುವವರ ಹೊಣೆ. ಅದಕ್ಕೇ ಈಗ ನಮ್ಮ ಫಾರ್ಮ್ ಫೋಟೋ ಆರಿಸಿದ ಕೂಡಲೇ, ಕಳಿಸುವ ಮೊದಲೇ, ಗಾತ್ರ ನೋಡುತ್ತದೆ. ದೊಡ್ಡದಿದ್ದರೆ ಎಷ್ಟು ದೊಡ್ಡದು, ಎಷ್ಟರೊಳಗೆ ಇರಬೇಕು, ಕಿರಿದು ಮಾಡುವುದು ಹೇಗೆ ಎಂಬುದನ್ನು ಕನ್ನಡದಲ್ಲಿ, ಅದರ ಕೆಳಗೆ ಮರಾಠಿಯಲ್ಲಿ ಹೇಳುತ್ತದೆ. ಹಳ್ಳಿಯ ಮಾಸ್ತರರಿಗೆ ಲಾಗ್ ತೆರೆದು ನೋಡುವ ದಾರಿಯಿಲ್ಲ. ನಮ್ಮ ಸರ್ವರ್ ಏನು ಹೇಳಿತೆಂದು ಅವರಿಗೆ ಅವರ ಮಾತಿನಲ್ಲೇ ತಿಳಿಯಬೇಕು.