ಎಳೆಯ ಪ್ರಾಯದ ನರವ್ಯಾಧಿ: ಸ್ತ್ರೀಯರಲ್ಲಿ ಏಕೆ ಹೆಚ್ಚು, ಯಾವ ನಾಡಿನಲ್ಲಿ ಹೆಚ್ಚು?

ಮನೆ-ಹೊಲಗಳಲ್ಲಿ ದುಡಿಯುತ್ತಿದ್ದ ಎಳೆಯ ಪ್ರಾಯದ ಗೃಹಿಣಿಗೆ ಇದ್ದಕ್ಕಿದ್ದಂತೆ ಒಂದು ಕಣ್ಣು ಮಂಜಾಗುತ್ತದೆ. ಕೆಲವು ವಾರಗಳಲ್ಲಿ ದೃಷ್ಟಿ ಮರಳುತ್ತದೆ. ತಿಂಗಳುಗಳು ಕಳೆದ ಮೇಲೆ ಕಾಲು ಜೋಮು ಹಿಡಿದು ನಡಿಗೆ ತಪ್ಪುತ್ತದೆ. ಕೆಲವರು ಗಾಳಿ ಸೋಂಕಿತೆನ್ನುತ್ತಾರೆ. ಕೆಲವರು ಕೆಲಸಗಳ್ಳತನವೆಂದು ಹಳಿಯುತ್ತಾರೆ. ದಂಪತಿಗಳೇ, ಇದು ಮಲ್ಟಿಪಲ್ ಸ್ಕ್ಲೀರೋಸಿಸ್ ಎಂಬ ವ್ಯಾಧಿಯಾಗಿರಬಹುದು.

ವ್ಯಾಧಿಯ ಸ್ವರೂಪ

ವಿದ್ಯುತ್ ತಂತಿಗೆ ಹೊದಿಕೆಯಿರುವಂತೆ ಮೆದುಳು ಹಾಗೂ ಬೆನ್ನುಹುರಿಯ ನರತಂತುಗಳಿಗೂ ಒಂದು ಹೊದಿಕೆಯಿದೆ. ರೋಗಾಣುಗಳೊಡನೆ ಹೋರಾಡಬೇಕಾದ ದೇಹದ ರಕ್ಷಣಾಶಕ್ತಿಯೇ ದಾರಿತಪ್ಪಿ ಈ ಹೊದಿಕೆಯನ್ನು ಹಾಳುಮಾಡಿದಾಗ ಮೆದುಳಿನ ಸಂದೇಶಗಳು ಅಂಗಾಂಗಗಳನ್ನು ಸರಿಯಾಗಿ ತಲುಪುವುದಿಲ್ಲ. ಸಾಮಾನ್ಯವಾಗಿ 20ರಿಂದ 40 ವರ್ಷದೊಳಗೆ ವ್ಯಾಧಿಯು ತಲೆದೋರುತ್ತದೆ. ಇದು ಅಂಟುರೋಗವಲ್ಲ, ಒಟ್ಟಿಗೆ ಉಣ್ಣುವುದರಿಂದಾಗಲಿ, ದಾಂಪತ್ಯದಿಂದಾಗಲಿ ಹರಡದು.

ಯಾರಲ್ಲಿ ಹೆಚ್ಚು?

ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಎರಡರಿಂದ ಮೂರು ಪಟ್ಟು ಹೆಚ್ಚು. ಚಿಕ್ಕ ಮಕ್ಕಳಲ್ಲಿ ಈ ವ್ಯಾಧಿಯು ಅಪರೂಪ. ಅವರಲ್ಲಿ ಹೆಣ್ಣು-ಗಂಡೆಂಬ ಅಂತರವೂ ಅಷ್ಟಾಗಿ ಇಲ್ಲ. ಪ್ರೌಢಾವಸ್ಥೆಯ ನಂತರ ಅಂತರವು ಬೆಳೆಯುವುದರಿಂದ, ಸ್ತ್ರೀಶರೀರದ ಹಾರ್ಮೋನುಗಳಿಗೂ ಇದರಲ್ಲಿ ಪಾತ್ರವಿದೆಯೆಂದು ತಜ್ಞರು ಭಾವಿಸುತ್ತಾರೆ.

ಎಲ್ಲಿ ಹೆಚ್ಚು?

ಭೂಮಧ್ಯರೇಖೆಯಿಂದ ದೂರ ಸರಿದಂತೆ ವ್ಯಾಧಿಯ ಪ್ರಮಾಣವು ಸಾಮಾನ್ಯವಾಗಿ ಏರುತ್ತದೆ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಲ್ಲಿ ಲಕ್ಷ ಜನರಿಗೆ ಸುಮಾರು 400 ರೋಗಿಗಳಿರುವುದು 2012ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂದಿತು. 2014ರಲ್ಲಿ ಪ್ರಕಟವಾದ ಮಂಗಳೂರು ನಗರದ ಸಮೀಕ್ಷೆಯಲ್ಲಿ ಈ ಸಂಖ್ಯೆ ಲಕ್ಷಕ್ಕೆ ಸುಮಾರು 8. ಆಸ್ಟ್ರೇಲಿಯ ಒಂದೇ ದೇಶವಾದರೂ ಬಿಸಿಲಿನ ಕ್ವೀನ್ಸ್‌ಲ್ಯಾಂಡಿಗಿಂತ ದಕ್ಷಿಣದ ಟ್ಯಾಸ್ಮೇನಿಯದಲ್ಲಿ ರೋಗಿಗಳ ಪ್ರಮಾಣ ಹೆಚ್ಚು. ಬಿಸಿಲಿನ ಕೊರತೆ, ಅದರಿಂದಾಗುವ ವಿಟಮಿನ್ ಡಿ ನ್ಯೂನತೆ, ವಂಶಗುಣ, ಎಪ್‌ಸ್ಟೀನ್-ಬಾರ್ ಎಂಬ ವೈರಸ್ಸಿನ ಸೋಂಕು, ಧೂಮಪಾನ ಇವೆಲ್ಲ ವ್ಯಾಧಿಯ ಸಂಭವವನ್ನು ಹೆಚ್ಚಿಸುವ ಅಂಶಗಳು.

ಆದರೆ ನಮ್ಮದು ಬಿಸಿಲ ನಾಡೆಂದು ನಿಶ್ಚಿಂತರಾಗಿರಬೇಡಿರಿ. ಅಪರೂಪದ ವ್ಯಾಧಿಯಾದುದರಿಂದಲೇ ಇದು ಯಾರ ಮನಸ್ಸಿಗೂ ಹೊಳೆಯುವುದಿಲ್ಲ. ಸೊಸೆಗೆ ಬಂದಾಗಲಂತೂ ದೋಷವೆಲ್ಲ ಅವಳದೇ ಆಗುತ್ತದೆ. ವ್ಯಾಧಿಗೆ ಅವಳ ನಡತೆಯಾಗಲಿ, ಕಾಲ್ಗುಣವಾಗಲಿ ಕಾರಣವಲ್ಲ.

ಸಂತಾನದ ವಿಷಯ

ಈ ವ್ಯಾಧಿಯುಳ್ಳ ಸ್ತ್ರೀಯೂ ತಾಯಿಯಾಗಬಹುದು. ತಾಯಿಗೆ ವ್ಯಾಧಿಯಿದ್ದರೂ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮಕ್ಕಳಿಗೆ ಅದು ಬಾರದು. ಗರ್ಭಾವಸ್ಥೆಯ ಕೊನೆಯ ಮೂರು ತಿಂಗಳಲ್ಲಿ ಉಲ್ಬಣಗಳು ಕಡಿಮೆಯಾಗುತ್ತವೆ. ಹೆರಿಗೆಯ ನಂತರದ ಮೂರು ತಿಂಗಳಲ್ಲಿ ಹೆಚ್ಚಬಹುದು. ಆಗ ಬಾಣಂತಿಗೆ ವಿಶ್ರಾಂತಿಯೂ ಪತಿಯ ನೆರವೂ ಅಗತ್ಯ. ಕೆಲವು ಔಷಧಿಗಳು ಗರ್ಭದ ಶಿಶುವಿಗೆ ಹಾನಿಕರವಾದುದರಿಂದ ಗರ್ಭಧಾರಣೆಗೆ ಮುನ್ನವೇ ವೈದ್ಯರ ಸಲಹೆ ಪಡೆಯಿರಿ. ಅಲ್ಲಿಯವರೆಗೆ ಗರ್ಭನಿರೋಧಕ ಕ್ರಮವನ್ನು ಅನುಸರಿಸಿರಿ.

ನೀವು ಮಾಡಬೇಕಾದುದು

ಕಣ್ಣು ಮಂಜಾಗುವುದು, ಕೈಕಾಲುಗಳಲ್ಲಿ ಜೋಮು ಅಥವಾ ನಿಶ್ಶಕ್ತಿ, ತೂಗಾಡುವ ನಡಿಗೆ, ಮೂತ್ರ ತಡೆಯಲಾಗದಿರುವುದು ಇವುಗಳಲ್ಲಿ ಯಾವುದೇ ಕಂಡರೂ, ತಾನಾಗಿ ವಾಸಿಯಾಯಿತೆಂದು ಸುಮ್ಮನಿರದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೋರಿಸಿರಿ. ಅಲ್ಲಿಂದ ನರರೋಗ ತಜ್ಞರಲ್ಲಿಗೆ ಹೋಗಿರಿ. ಇದನ್ನು ಪೂರ್ಣ ಗುಣಪಡಿಸುವ ಔಷಧಿಯಿಲ್ಲ. ಆದರೆ ಬೇಗನೆ ಚಿಕಿತ್ಸೆ ಆರಂಭಿಸಿದರೆ ಉಲ್ಬಣಗಳನ್ನು ಕಡಿಮೆಮಾಡಿ ಅಂಗವೈಕಲ್ಯವನ್ನು ಮುಂದೂಡಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಈ ವ್ಯಾಧಿಯೂ ಸೇರಿದೆ.

ಕಾಯಿಲೆಯ ಹೆಂಡತಿಯನ್ನು ತವರಿಗೆ ಕಳುಹಿಸಿ ಕೈತೊಳೆದುಕೊಳ್ಳಬೇಡಿರಿ. ಜೊತೆಗೂಡಿ ಆಸ್ಪತ್ರೆಗೆ ನಡೆಯಿರಿ. ಚಿಕಿತ್ಸೆಯ ಮೊದಲ ಹೆಜ್ಜೆ ಅದೇ.