ಪ್ಲೇಗಿನ ಬ್ಯಾಕ್ಟೀರಿಯಾಕ್ಕೆ ಹೆಸರಿಟ್ಟ ಬಗೆ

1897ರ ಮಾರ್ಚ್ 10ರಂದು ಪುಣೆಯಲ್ಲಿ ಸಮಾಜ ಸುಧಾರಕಿ ಸಾವಿತ್ರಿಬಾಯಿ ಫುಲೆ ಪ್ಲೇಗಿಗೆ ಬಲಿಯಾದರು. ವೈದ್ಯನಾಗಿದ್ದ ಮಗ ಯಶವಂತನ ಜೊತೆ ರೋಗಿಗಳ ಆರೈಕೆಗೆ ನಿಂತ ಆ ತಾಯಿಗೂ ಸೋಂಕು ತಗುಲಿತ್ತು. ಅದೇ ತಿಂಗಳು ಊರಿನಲ್ಲಿ ಸೈನಿಕರು ಮನೆಮನೆ ಹೊಕ್ಕು ರೋಗಿಗಳನ್ನು ಹುಡುಕತೊಡಗಿದರು. ಜ್ವರ, ಕಂಕುಳು ಅಥವಾ ತೊಡೆಸಂದಿನ ಗಡ್ಡೆ, ಇವೇ ರೋಗದ ಮುಖ್ಯ ಗುರುತು. ಮರುವರ್ಷ ಬೆಂಗಳೂರಿಗೂ ಅದೇ ಮಾರಿ ಬಂತು. ಜನ ಪ್ಲೇಗಮ್ಮನಿಗೆ ಹರಕೆ ಹೊತ್ತರು.

ರೋಗಕಾರಕ ಯಾವುದೆಂಬುದು ಅಷ್ಟರಲ್ಲಾಗಲೇ ಗೊತ್ತಾಗಿತ್ತು. 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಜಪಾನಿನ ಕಿಟಸಾಟೊ ಮತ್ತು ಫ್ರೆಂಚ್ ಸಂಸ್ಥೆಯ ಯೆರ್ಸಿನ್ ಇಬ್ಬರೂ ಅದನ್ನು ಕಂಡೆವೆಂದರು. ಆದರೆ ಇಬ್ಬರ ವರ್ಣನೆ ಹೊಂದಲಿಲ್ಲ. ತಕರಾರು ಬಂದದ್ದು ಒಂದು ಬಣ್ಣದ ಪರೀಕ್ಷೆಯಲ್ಲಿ.

ಡೆನ್ಮಾರ್ಕಿನ ವೈದ್ಯ ಗ್ರಾಂ 1884ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ಪ್ರತಿ ಪ್ರಯೋಗಾಲಯದ ಮೊದಲ ಹೆಜ್ಜೆ. ಗಾಜಿನ ಪಟ್ಟಿಗೆ ಹಚ್ಚಿದ ಬ್ಯಾಕ್ಟೀರಿಯಾಕ್ಕೆ ನೇರಳೆ ಬಣ್ಣ, ಆಮೇಲೆ ಅಯೋಡಿನ್ ಹಾಕಿ ಆಲ್ಕೋಹಾಲಿನಿಂದ ತೊಳೆಯುತ್ತಾರೆ. ಕೋಶದ ಗೋಡೆ ದಪ್ಪವಿದ್ದರೆ ನೇರಳೆ ಉಳಿಯುತ್ತದೆ: ಅದು ಗ್ರಾಂ ಪಾಸಿಟಿವ್. ತೆಳುವಾಗಿದ್ದರೆ ತೊಳೆದುಹೋಗಿ, ಕೊನೆಗೆ ಹಾಕುವ ಕೆಂಪು ಬಣ್ಣ ಹಿಡಿಯುತ್ತದೆ: ಗ್ರಾಂ ನೆಗೆಟಿವ್. ಕೆಲವೇ ನಿಮಿಷಗಳ ಈ ಕೆಲಸ ಯಾವ ಔಷಧಿ ನಾಟೀತು ಎಂಬ ಮೊದಲ ಸುಳಿವನ್ನೂ ಕೊಡುತ್ತದೆ.

ಪ್ಲೇಗಿನ ಬ್ಯಾಕ್ಟೀರಿಯಾ ಗ್ರಾಂ ನೆಗೆಟಿವ್ ಎಂದು ಯೆರ್ಸಿನ್ ಖಚಿತವಾಗಿ ಬರೆದರು. ಕಿಟಸಾಟೊರ ಮಾತು ಅತ್ತಿತ್ತ ವಾಲಿತು. ಅವರ ಮಾದರಿಯಲ್ಲಿ ನ್ಯುಮೋನಿಯಾದ ಬ್ಯಾಕ್ಟೀರಿಯಾ ಬೆರೆತಿತ್ತೆಂದು ನಂತರದ ವಿದ್ವಾಂಸರು ಊಹಿಸುತ್ತಾರೆ. ದೇಹದ ಶಾಖದಲ್ಲಿಟ್ಟರೆ ಬೆರೆತ ಜೀವಿ ಸೊಂಪಾಗಿ ಬೆಳೆಯುತ್ತದೆ, ಪ್ಲೇಗಿನದಕ್ಕೆ ಸುಮಾರು 28 ಡಿಗ್ರಿಯೇ ಹಿತ. ದೇಹದ ಶಾಖ ಕಾಯ್ದಿಡುವ ಉಪಕರಣವಿಲ್ಲದ ಯೆರ್ಸಿನ್‌ಗೆ ಈ ಬಡತನವೇ ನೆರವಾದದ್ದು ನನಗೆ ಬಹಳ ಪ್ರಿಯವಾದ ಸಂಗತಿ. ಮುಂದೆ ಆ ಕುಲಕ್ಕೆ ಅವರ ಹೆಸರೇ ನಿಂತಿತು: ಯೆರ್ಸಿನಿಯ ಪೆಸ್ಟಿಸ್.

ಬಣ್ಣವೊಂದೇ ಸಾಲದು. ಆಕಾರ ನೋಡಬೇಕು: ಬೇರೊಂದು ಬಣ್ಣದಲ್ಲಿ ಇದರ ಎರಡು ತುದಿಯೂ ಗಾಢವಾಗಿ, ಸೇಫ್ಟಿ ಪಿನ್ನಿನಂತೆ ಕಾಣುತ್ತದೆ. ಯೂರಿಯಾವನ್ನು ಒಡೆಯುತ್ತದೆಯೇ, ಚಲಿಸುತ್ತದೆಯೇ ಎಂದೂ ಪರೀಕ್ಷಿಸಬೇಕು. ಇದು ಎರಡನ್ನೂ ಮಾಡದು. ಇದರ ಹತ್ತಿರದ ನೆಂಟ ಯೆರ್ಸಿನಿಯ ಸ್ಯೂಡೊಟ್ಯೂಬರ್‌ಕ್ಯುಲೋಸಿಸ್ ಯೂರಿಯಾವನ್ನು ಒಡೆಯುತ್ತದೆ, ತಂಪಿನಲ್ಲಿ ಚಲಿಸುತ್ತದೆ, ಸಾಮಾನ್ಯವಾಗಿ ಹೊಟ್ಟೆನೋವು ತರುತ್ತದೆ.

ಡಿಎನ್‌ಎ ಹೋಲಿಸಿದಾಗ ಮಾತ್ರ ಇವೆರಡೂ ಒಂದೇ ಪ್ರಭೇದ ಎನ್ನುವಷ್ಟು ಹತ್ತಿರ. ಹಾಗೆಂದು 1980ರ ದಶಕದ ಆರಂಭದಲ್ಲಿ ಎರಡನ್ನೂ ಒಂದೇ ಹೆಸರಿನಡಿ ತರುವ ಸಲಹೆ ಬಂತು. ನಾಮಕರಣದ ನಿರ್ಣಾಯಕ ಸಮಿತಿ 1985ರಲ್ಲಿ ಅದನ್ನು ತಳ್ಳಿಹಾಕಿತು: ಹೆಸರಿನ ಗೊಂದಲದಲ್ಲಿ ಪ್ಲೇಗ್ ಎಂದು ತಿಳಿಯದೆ ಜೀವ ಹೋಗಬಹುದು. ಅದು ಸರಿಯಾದ ತೀರ್ಮಾನ. ವೈದ್ಯಕೀಯದಲ್ಲಿ ವರ್ಗೀಕರಣ ಇರುವುದು ರೋಗಿಗಾಗಿ.

ಇಂದು ಅದೇ ಪುಣೆಯಲ್ಲಿ, ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದ ಆಶ್ರಯದಲ್ಲಿ, ದೇಶದ ದೊಡ್ಡ ಸೂಕ್ಷ್ಮಜೀವಿ ಸಂಗ್ರಹವಿದೆ. ಹೊಸ ಬ್ಯಾಕ್ಟೀರಿಯಾದ ಹೆಸರಿಗೆ ಮಾನ್ಯತೆ ಸಿಗಬೇಕಾದರೆ ಜೀವಂತ ಮಾದರಿಯನ್ನು ಕನಿಷ್ಠ ಎರಡು ದೇಶಗಳ ಇಂಥ ಸಂಗ್ರಹಗಳಲ್ಲಿ ಇಡಬೇಕು.

ಬಹುಪಾಲು ಗುರುತಿಸುವಿಕೆ ಬ್ಯಾಕ್ಟೀರಿಯಾವನ್ನು ಬೆಳೆಸಿಯೇ ಆಗಬೇಕು. ಆಂಟಿಬಯಾಟಿಕ್ ನುಂಗಿದ ಮೇಲೆ ಕೊಟ್ಟ ಮಾದರಿಯಲ್ಲಿ ಅದು ಬೆಳೆಯದೇ ಹೋಗಬಹುದು. ಆದ್ದರಿಂದ ಹೀಗೆ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಬರೆದುಕೊಟ್ಟರೆ, ವೈದ್ಯರು ಬೇಡವೆನ್ನದ ಹೊರತು, ಮಾತ್ರೆಗೆ ಮೊದಲು ಮಾದರಿ ಕೊಡಿ.