ಹೋದ ಕಾಲಲ್ಲ, ಉಳಿದ ಮೂರು ಕಾಲು ನೋಡಿ

ಕಾಲು ತೆಗೆಸಿದ ನಾಯಿ ಬಹುಪಾಲು ಮೂರನೇ ದಿನಕ್ಕೆಲ್ಲ ಎದ್ದು, ಕುಪ್ಪಳಿಸಿಕೊಂಡು ಗೇಟಿನವರೆಗೆ ಹೋಗಿ ಪೇಪರ್ ಹುಡುಗನಿಗೆ ಬೊಗಳಿ ಬರುತ್ತದೆ. ಮನೆಯವರು ಮಾತ್ರ ಇನ್ನೂ ಊಟ ಬಿಟ್ಟು ಕೂತಿರುತ್ತಾರೆ. ನಾಯಿಗೆ ಜನ ಏನೆಂದಾರು ಎಂಬ ಚಿಂತೆಯಿಲ್ಲ, ಅದು ಇರುವ ಕಾಲಲ್ಲೇ ನಡೆಯಲು ಕಲಿತುಬಿಡುತ್ತದೆ. ಹಾಗಂತ ಆಪರೇಷನ್ ಮುಗಿದ ಕೂಡಲೇ ಎಲ್ಲ ಮುಗಿಯಿತು ಎನ್ನುವಂತಿಲ್ಲ. ತೊಡಕುಗಳು ಒಟ್ಟಿಗೇ ಬರುವುದಿಲ್ಲ, ಒಂದೊಂದಕ್ಕೂ ಅದರದೇ ಹೊತ್ತಿದೆ. ಮೊದಲ ಮೂರು ದಿನ ರಕ್ತ ಮತ್ತು ನೋವಿನದು, ಎರಡು ವಾರದವರೆಗೆ ಗಾಯದ್ದು, ಮುಂದಿನ ಕೆಲವು ತಿಂಗಳು ನರದ್ದು, ಆಮೇಲೆ ಬದುಕಿರುವಷ್ಟು ಕಾಲವೂ ಉಳಿದ ಮೂರು ಕಾಲುಗಳದು. ಎಲ್ಲಕ್ಕಿಂತ ದೀರ್ಘವಾದ ಈ ಕೊನೆಯದನ್ನೇ ನಾವು ಮೊದಲು ಮರೆಯುವುದು.

ಇಡೀ ಕಾಲನ್ನೇ ಯಾಕೆ ತೆಗೆಯುತ್ತಾರೆ?

ಮೈಸೂರಿನಂಥ ಊರಿನಲ್ಲಿ ನಾಯಿಯ ಕಾಲು ಹೋಗುವುದಕ್ಕೆ ಕಾರಣಗಳು ಕೆಲವೇ. ರಿಂಗ್ ರೋಡಿನಂಥ ವೇಗದ ರಸ್ತೆಯಲ್ಲಿ ವಾಹನ ಹರಿದು ಮೂಳೆ ಪುಡಿಯಾಗುವುದು, ಹೆಗಲ ನರಗಳು ಕಿತ್ತುಹೋಗಿ ಮುಂಗಾಲು ಎಳೆದಾಡುವಂತಾಗುವುದು, ಬೀದಿನಾಯಿಗಳಲ್ಲಿ ಹಳೆಯ ಗಾಯ ಕೊಳೆತು ಹುಳ ಬೀಳುವುದು, ರಾಟ್‌ವೈಲರ್, ಗ್ರೇಟ್ ಡೇನ್‌ನಂಥ ದೊಡ್ಡ ತಳಿಗಳಲ್ಲಿ ಮೂಳೆ ಕ್ಯಾನ್ಸರ್.

‘ಪಾದ ತಾನೇ ಕೆಟ್ಟಿದ್ದು, ಕಾಲನ್ನೆಲ್ಲ ಯಾಕೆ ತೆಗೀತೀರಿ ಡಾಕ್ಟ್ರೇ?’ ಎಂದು ಕೇಳುವವರು ಬಹಳ. ಅರ್ಧ ಕಾಲು ಉಳಿಸಿದರೆ ನಾಯಿ ಅದನ್ನೇ ಊರಲು ನೋಡುತ್ತದೆ. ಮೊಂಡು ತುದಿ ನೆಲಕ್ಕೆ ತಾಗಿ ತಾಗಿ ಹುಣ್ಣಾಗುತ್ತದೆ. ಅದಕ್ಕೇ ಮುಂಗಾಲಾದರೆ ಹೆಗಲ ಮೂಳೆಯ ಸಮೇತ ಇಲ್ಲವೇ ಭುಜದ ಕೀಲಿನಿಂದ, ಹಿಂಗಾಲಾದರೆ ಸೊಂಟದ ಕೀಲಿನಿಂದ ಇಲ್ಲವೇ ತೊಡೆಯ ನಡುವಿನಿಂದ ತೆಗೆಯುವುದು ರೂಢಿ.

ಮುಂದೆ ಬರುವ ತೊಡಕುಗಳಲ್ಲಿ ಕೆಲವನ್ನು ಆಪರೇಷನ್‌ಗೆ ಮೊದಲೇ ತಡೆಯಬಹುದು. ಮೂರು ವಿಷಯ ಕೇಳಿ. ಒಂದು, ಉಳಿಯುವ ಮೂರು ಕಾಲುಗಳ ಸೊಂಟ, ಮಂಡಿ, ಮೊಣಕೈ ಗಟ್ಟಿಯಾಗಿವೆಯೇ? ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಿಗೆ ಸೊಂಟದ ಕೀಲಿನ ತೊಂದರೆ ವಂಶಪಾರಂಪರ್ಯವಾಗಿ ಬಂದಿರಬಹುದು. ಎರಡು, ಉಣ್ಣೆ ಜ್ವರಕ್ಕೆ ರಕ್ತಪರೀಕ್ಷೆ ಆಗಿದೆಯೇ? ಟಿಕ್ ಫೀವರ್ ಎಂದು ಎಲ್ಲರೂ ಕರೆಯುವ ಎರ್ಲಿಕಿಯೋಸಿಸ್ ನಮ್ಮ ಕಡೆ ಸಾಮಾನ್ಯ. ಅದು ರಕ್ತದ ಪ್ಲೇಟ್‌ಲೆಟ್ ಇಳಿಸುತ್ತದೆ, ಇಳಿದಿರುವಾಗ ಕತ್ತರಿ ಹಾಕಿದರೆ ರಕ್ತ ನಿಲ್ಲುವುದು ಕಷ್ಟ. ಮೂರು, ಕ್ಯಾನ್ಸರಿನ ಅನುಮಾನವಿದ್ದರೆ ಎದೆಯ ಎಕ್ಸ್‌ರೇ ತೆಗೆದಿದ್ದಾರೆಯೇ? ಮೂಳೆ ಕ್ಯಾನ್ಸರ್ ಹೆಚ್ಚಾಗಿ ಶ್ವಾಸಕೋಶಕ್ಕೆ ಹರಡುತ್ತದೆ.

ಮೊದಲ ಮೂರು ದಿನ: ರಕ್ತ, ನೋವು, ಮೂತ್ರ

ಮನೆಗೆ ಬಂದ ನಾಯಿಯ ಹೊಲಿಗೆಯ ಸುತ್ತ ನೀಲಿಗಟ್ಟಿರುವುದು, ಒಂದೆರಡು ಹನಿ ತೆಳುಗೆಂಪು ನೀರು ಜಿನುಗುವುದು ಸಹಜ. ಆ ಕಪ್ಪು-ನೀಲಿ ಬಣ್ಣ ದಿನೇ ದಿನೇ ಕೆಳಕ್ಕಿಳಿದು ಎದೆಗೋ ಹೊಟ್ಟೆಗೋ ಹರಡಿದರೂ ಗಾಬರಿ ಬೇಡ, ಚರ್ಮದಡಿಯ ರಕ್ತ ತನ್ನ ಭಾರಕ್ಕೆ ಕೆಳಗೆ ಸರಿಯುತ್ತದೆ ಅಷ್ಟೆ. ಆದರೆ ರಕ್ತ ತೊಟ್ಟಿಕ್ಕುತ್ತಲೇ ಇದ್ದರೆ ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿಯಿರಿ, ನಡುವೆ ತೆಗೆದು ತೆಗೆದು ನೋಡಬೇಡಿ. ತುಟಿಯೆತ್ತಿ ಒಸಡು ನೋಡಿ. ಗುಲಾಬಿಯಿದ್ದರೆ ಸರಿ, ಬೆಳ್ಳಗೆ ಬಿಳಿಚಿಕೊಂಡಿದ್ದರೆ ಒಳಗೆ ರಕ್ತ ಹೋಗುತ್ತಿರಬಹುದು. ಆಗ ಫೋನಿನಲ್ಲಿ ಮಾತಾಡುತ್ತ ಕೂರದೆ ಆಸ್ಪತ್ರೆಗೆ ಹೊರಡಿ.

ನಾಯಿ ನೋವನ್ನು ಕೂಗಿ ಹೇಳುವುದು ಕಡಿಮೆ. ಏದುಸಿರು, ನಡುಕ, ಒಂದೇ ಕಡೆ ಮಲಗಲಾರದೆ ಜಾಗ ಬದಲಿಸುತ್ತಲೇ ಇರುವುದು, ಮುಟ್ಟಿದರೆ ಗುರ್ ಎನ್ನುವುದು, ಅನ್ನ ಮೂಸಿ ತಿರುಗುವುದು ಅದರ ಭಾಷೆ. ಆಗ ಮನೆಯ ಔಷಧಿ ಡಬ್ಬಕ್ಕೆ ಮಾತ್ರ ಕೈ ಹಾಕಬೇಡಿ. ಮನುಷ್ಯರ ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸುತ್ತವೆ, ಮೂತ್ರಪಿಂಡವನ್ನೂ ಕೆಡಿಸುತ್ತವೆ. ವೈದ್ಯರು ಕೊಟ್ಟ ಮೆಲೊಕ್ಸಿಕಾಮ್‌ನಂಥ ನೋವಿನ ಔಷಧಿಯನ್ನೂ ಹೇಳಿದಷ್ಟೇ, ಹೇಳಿದ ಹೊತ್ತಿಗೇ, ಊಟದ ಜೊತೆ ಕೊಡಿ. ಚರ್ಮದ ಕಾಯಿಲೆಗೆಂದು ಮೊದಲಿನಿಂದ ಸ್ಟೀರಾಯ್ಡ್ ಕೊಡುತ್ತಿದ್ದರೆ ಮುಚ್ಚಿಡದೆ ಹೇಳಿ, ಅವೆರಡೂ ಒಟ್ಟಿಗೆ ಹೋಗಬಾರದು.

ಎರಡು ಮೂರು ದಿನ ಮಲವಿಸರ್ಜನೆ ಆಗದಿದ್ದರೆ ಚಿಂತೆಯಿಲ್ಲ. ಆಪರೇಷನ್‌ಗೆ ಮೊದಲಿನ ಉಪವಾಸ, ಬಲವಾದ ನೋವಿನ ಚುಚ್ಚುಮದ್ದು ಎರಡೂ ಕರುಳನ್ನು ನಿಧಾನ ಮಾಡುತ್ತವೆ. ಮೂತ್ರ ಮಾತ್ರ ಒಂದು ದಿನದೊಳಗೆ ಆಗಲೇಬೇಕು. ಅದಕ್ಕಾಗಿ ಹೊರಗೆ ಕರೆದೊಯ್ಯುವಾಗ ಅಗಲದ ಟವೆಲನ್ನೋ ಹಳೆಯ ಪಂಚೆಯನ್ನೋ ಮಡಿಸಿ ಹೊಟ್ಟೆಯಡಿ ತೂರಿಸಿ, ಎರಡೂ ತುದಿ ಬೆನ್ನಿನ ಮೇಲೆ ಹಿಡಿದು ಆಧಾರ ಕೊಡಿ. ಎತ್ತಿ ಒಯ್ಯಬೇಡಿ, ಬೀಳದಂತೆ ನೋಡಿಕೊಂಡರೆ ಸಾಕು.

ಎರಡು ವಾರ: ಗಾಯದ ಕಾವಲು

ಅತಿ ಹೆಚ್ಚು ಜನ ಹೆದರಿ ಓಡಿಬರುವುದು ‘ನೀರು ತುಂಬಿಕೊಂಡಿದೆ’ ಎಂದು. ಕಾಲಿದ್ದ ಜಾಗ ಖಾಲಿಯಾಗಿ ಚರ್ಮದಡಿ ಪೊಳ್ಳು ಉಳಿಯುತ್ತದೆ, ದೇಹ ಅದರೊಳಕ್ಕೆ ತಿಳಿ ದ್ರವ ಸುರಿಸುತ್ತದೆ. ಇದೇ ಸೀರೋಮ. ಮೊದಲ ವಾರದಲ್ಲಿ ಕಾಣಿಸಿಕೊಳ್ಳುತ್ತದೆ, ಮೆತ್ತಗೆ ತುಳುಕುತ್ತದೆ, ಒತ್ತಿದರೆ ನಾಯಿಗೆ ಅಷ್ಟು ನೋವಾಗುವುದಿಲ್ಲ. ಬಹುಪಾಲು ತಾನಾಗಿಯೇ ಇಂಗುತ್ತದೆ. ಸೂಜಿ ಹಾಕಿ ತೆಗೆಸಿ ಎಂದು ಒತ್ತಾಯ ಮಾಡಬೇಡಿ. ಪದೇ ಪದೇ ಚುಚ್ಚಿದರೆ ಹೊರಗಿನ ಸೂಕ್ಷ್ಮಾಣುವಿಗೆ ದಾರಿ ಮಾಡಿಕೊಟ್ಟಂತೆ. ಮೊದಲ ಎರಡು ಮೂರು ದಿನ ಬಟ್ಟೆಯಲ್ಲಿ ಸುತ್ತಿದ ತಣ್ಣನೆಯ ಪಟ್ಟಿ, ಆಮೇಲೆ ಉಗುರುಬೆಚ್ಚಗಿನ ಶಾಖ, ಜೊತೆಗೆ ಓಡಾಟ ಕಡಿಮೆ ಮಾಡಿಸುವುದು ಇದಕ್ಕೆ ಮದ್ದು.

ಸೋಂಕು ಬೇರೆಯೇ ರೀತಿ. ಊತ ಬಿಗಿಯಾಗಿ, ಕೆಂಪಾಗಿ, ಬಿಸಿಯಾಗಿರುತ್ತದೆ. ಕೀವು ಬರುತ್ತದೆ, ವಾಸನೆ ಬರುತ್ತದೆ, ಮುಟ್ಟಲು ಬಿಡುವುದಿಲ್ಲ. ನಾಯಿಯ ಸಹಜ ಮೈಬಿಸಿ ನಮ್ಮದಕ್ಕಿಂತ ಹೆಚ್ಚು, ಸುಮಾರು 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮೂಗು ಒಣಗಿದೆ ಎಂಬುದನ್ನು ನಂಬದೆ ಡಿಜಿಟಲ್ ಥರ್ಮಾಮೀಟರಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ ಗುದದಲ್ಲಿಟ್ಟು ನೋಡಿ. 103 ದಾಟಿದರೆ ವೈದ್ಯರಿಗೆ ತಿಳಿಸಿ.

ಗಾಯಕ್ಕೆ ಅರಿಶಿನ, ಬೇವಿನೆಣ್ಣೆ, ಡೆಟಾಲ್, ಸ್ಪಿರಿಟ್ ಯಾವುದೂ ಬೇಡ. ಕೂಡಿಕೊಳ್ಳುತ್ತಿರುವ ಅಂಚನ್ನು ಡೆಟಾಲ್, ಸ್ಪಿರಿಟ್ ಸುಡುತ್ತವೆ. ಅರಿಶಿನ ಮೆತ್ತಿದರೆ ಕೆಂಪೋ ಕೀವೋ ಕಾಣದಂತಾಗುತ್ತದೆ. ಹೊಲಿಗೆ ಒಣಗಿದ್ದರೆ ಮುಟ್ಟದಿರುವುದೇ ಒಳ್ಳೆಯ ಆರೈಕೆ. ಕೊಳೆಯಾಗಿದ್ದರೆ ಸಲೈನ್‌ನಿಂದ ಮೆಲ್ಲಗೆ ಒರೆಸಿದರೆ ಸಾಕು.

ನಮ್ಮ ಊರಿನ ನಿಜವಾದ ಶತ್ರು ನೊಣ. ಮೇ ತಿಂಗಳ ಮಳೆಯಿಂದ ಹಿಡಿದು ಅಕ್ಟೋಬರ್‌ವರೆಗೆ, ಹಸಿ ಗಾಯದ ಮೇಲೆ ನೊಣ ಕೂತು ಮೊಟ್ಟೆಯಿಟ್ಟರೆ ಒಂದು ದಿನದೊಳಗೇ ಹುಳವಾಗುತ್ತದೆ. ಹಾಗಾಗಿ ಹೊಲಿಗೆ ಬಿಚ್ಚುವವರೆಗೂ ನಾಯಿ ಮನೆಯೊಳಗೇ ಇರಲಿ, ಹಗಲು ಮಲಗಿದಾಗ ಮಗುವಿನ ಸೊಳ್ಳೆಪರದೆ ಹಾಕಿ. ಹುಳ ಕಂಡರೆ ಪೆಟ್ರೋಲ್, ಸೀಮೆಎಣ್ಣೆ, ಫಿನಾಯಿಲ್ ಸುರಿಯುವ ಹಳೇ ಚಾಳಿ ಬೇಡ. ಅದು ಹುಳದ ಜೊತೆಗೆ ಮಾಂಸವನ್ನೂ ಸುಡುತ್ತದೆ, ನೆಕ್ಕಿದ ನಾಯಿಗೂ ವಿಷ. ಇಕ್ಕಳದಲ್ಲಿ ಒಂದೊಂದನ್ನೇ ತೆಗೆದು ತೊಳೆಯುವುದು ವೈದ್ಯರ ಕೆಲಸ.

ಹೊಲಿಗೆ ಬಿಚ್ಚುವುದು 10ರಿಂದ 14ನೇ ದಿನಕ್ಕೆ. ಅಲ್ಲಿಯವರೆಗೆ ಕುತ್ತಿಗೆಯ ಕೋನ್ ಕಾಲರ್ ತೆಗೆಯಬಾರದು. ‘ಪಾಪ, ಅದಕ್ಕೆ ಹಿಂಸೆ’ ಎಂದು ರಾತ್ರಿ ತೆಗೆದಿಟ್ಟರೆ ಬೆಳಗಾಗುವುದರೊಳಗೆ ನಾಯಿ ಹೊಲಿಗೆಯನ್ನೇ ಕಿತ್ತುಹಾಕಿರುತ್ತದೆ. ಗಾಯ ಬಾಯಿ ಬಿಟ್ಟರೆ ಏನನ್ನೂ ಹಚ್ಚದೆ, ಸಲೈನ್‌ನಲ್ಲಿ ನೆನೆಸಿದ ಶುಭ್ರ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಹೊರಡಿ. ಸಾಕಿದ ನಾಯಿಯೂ ನೋವಿನಲ್ಲಿ ಕಚ್ಚುತ್ತದೆ, ಬಾಯಿಗೆ ಮಜಲ್ ಹಾಕಿ. ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ರೇಬೀಸ್ ಲಸಿಕೆಗೆ ಹೋಗಿ.

ತಿಂಗಳ ಲೆಕ್ಕದಲ್ಲಿ: ಇಲ್ಲದ ಕಾಲಿನ ನೋವು

ಗಾಯ ಪೂರ್ತಿ ಮಾಗಿದೆ, ಕೂದಲೂ ಬಂದಿದೆ. ಆದರೂ ಮಲಗಿದ್ದ ನಾಯಿ ಇದ್ದಕ್ಕಿದ್ದಂತೆ ಕುಂಯ್ ಎಂದು ಎಗರಿ, ಕಾಲಿದ್ದ ಕಡೆಗೆ ತಿರುಗಿ ಕಚ್ಚಲು ಹೋಗುತ್ತದೆ, ಇಲ್ಲವೇ ಆ ಜಾಗವನ್ನೇ ನೆಕ್ಕುತ್ತಲೇ ಇರುತ್ತದೆ. ‘ಯಾರೂ ಮುಟ್ಟಿಲ್ಲ, ಯಾಕೆ ಕೂಗಿತು?’ ಎಂದು ಮನೆಯವರಿಗೆ ಅಚ್ಚರಿ. ಕತ್ತರಿಸಿದ ನರದ ತುದಿ ಸುಮ್ಮನಿರದೆ ಮಿದುಳಿಗೆ ಸುಳ್ಳು ಸಂದೇಶ ಕಳಿಸುತ್ತಿರುತ್ತದೆ. ಕಾಲು ಕಳೆದುಕೊಂಡ ಮನುಷ್ಯರೂ ಹೇಳುವ ನೋವೇ ಇದು.

ಮಾಮೂಲಿ ನೋವಿನ ಮಾತ್ರೆ ಇದಕ್ಕೆ ಸಾಲುವುದಿಲ್ಲ. ಗ್ಯಾಬಾಪೆಂಟಿನ್‌ನಂಥ ನರಕ್ಕೆ ಕೆಲಸ ಮಾಡುವ ಔಷಧಿಯನ್ನು ವೈದ್ಯರು ಬರೆಯುತ್ತಾರೆ. ಮೊದಲ ದಿನಗಳಲ್ಲಿ ತೂಕಡಿಕೆ, ತೂರಾಟ ಇರಬಹುದು. ಔಷಧಿಯನ್ನು ಥಟ್ಟನೆ ನಿಲ್ಲಿಸದೆ, ವೈದ್ಯರು ಹೇಳಿದಂತೆ ಹಂತ ಹಂತವಾಗಿ ಇಳಿಸಬೇಕು. ಮನುಷ್ಯರಿಗೆಂದು ತಯಾರಿಸಿದ ಸಿರಪ್ ಕೊಡುವ ಮುನ್ನ ಸೀಸೆಯ ಮೇಲೆ ಕ್ಸೈಲಿಟಾಲ್ ಎಂಬ ಹೆಸರಿದೆಯೇ ನೋಡಿ. ಆ ಸಿಹಿಕಾರಕ ನಾಯಿಗೆ ವಿಷ. ನೋವು ಬಂದ ಗಳಿಗೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಹೋದರೆ ವೈದ್ಯರಿಗೆ ಅರ್ಧ ಉತ್ತರ ಸಿಕ್ಕಂತೆ, ಆಸ್ಪತ್ರೆಯ ಮೇಜಿನ ಮೇಲೆ ನಾಯಿ ಅದನ್ನು ಮಾಡಿ ತೋರಿಸುವುದಿಲ್ಲ.

ಬದುಕಿಡೀ: ಮೂರು ಕಾಲಿನ ಲೆಕ್ಕ

ಮೂರು ಕಾಲಿನ ಮಣೆ ಸುಲಭಕ್ಕೆ ಉರುಳದೆ ನಿಲ್ಲುತ್ತದೆ, ಕಾಲುಗಳು ಸಮದೂರದಲ್ಲಿರುವುದರಿಂದ. ನಾಯಿಗೆ ಆ ಅನುಕೂಲವಿಲ್ಲ. ನಿಂತ ನಾಯಿಯ ಭಾರದಲ್ಲಿ ಸುಮಾರು ಶೇ 60 ಮುಂಗಾಲುಗಳ ಮೇಲೆ, ಶೇ 40 ಹಿಂಗಾಲುಗಳ ಮೇಲೆ ಇರುತ್ತದೆ. 20 ಕೆ.ಜಿ. ನಾಯಿಯ ಒಂದೊಂದು ಮುಂಗಾಲು 6 ಕೆ.ಜಿ. ಹೊರುತ್ತಿತ್ತು ಎನ್ನಿ. ಒಂದು ಹೋದರೆ ಉಳಿದದ್ದು 9 ಕೆ.ಜಿ.ಯವರೆಗೂ ಹೊರಬೇಕಾಗುತ್ತದೆ. ಹಿಂಗಾಲು ಹೋದ ನಾಯಿಗಿಂತ ಮುಂಗಾಲು ಹೋದ ನಾಯಿ ಹೆಚ್ಚು ಏಗುವುದು ಇದಕ್ಕೇ. ಒಂಟಿ ಮುಂಗಾಲನ್ನು ದೇಹದ ನಡುವಿಗೆ ತಂದು ಪ್ರತಿ ಹೆಜ್ಜೆಗೂ ಜಿಗಿಯಬೇಕು. ಮಣಿಕಟ್ಟು, ಮೊಣಕೈ, ಬೆನ್ನುಮೂಳೆ ಎಲ್ಲಕ್ಕೂ ಅದರ ಪೆಟ್ಟು ಬೀಳುತ್ತದೆ. ಆ ಪೆಟ್ಟು ವರ್ಷಗಳಲ್ಲಿ ಸಂಧಿವಾತವಾಗಬಹುದು.

ನಿಮ್ಮ ಕೈಯಲ್ಲಿರುವುದು ಮುಖ್ಯವಾಗಿ ಎರಡು: ತೂಕ ಮತ್ತು ನೆಲ. ನಾಯಿಯ ಪಕ್ಕೆಯ ಮೇಲೆ ಅಂಗೈ ಸವರಿದರೆ ಎಲುಬುಗಳು ಒತ್ತದೆಯೇ ಕೈಗೆ ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ಓಡಾಟ ಕಡಿಮೆಯಾದ ನಾಯಿಗೆ ಮರುಕದಿಂದ ಹೆಚ್ಚು ಹಾಕುವುದೇ ಎಲ್ಲರೂ ಮಾಡುವ ಕೆಲಸ. ಬೆಳಗಿನ ಕಾಫಿಯ ಜೊತೆಗಿನ ಬಿಸ್ಕೆಟ್, ಮಧ್ಯಾಹ್ನದ ಮೊಸರನ್ನ, ದಸರಾ ಸಿಹಿಯ ತುಂಡು, ಎಲ್ಲವೂ ಆ ಮೂರು ಕಾಲಿನ ಮೇಲೆಯೇ ಕೂರುತ್ತವೆ. ಕೊಡಲೇಬೇಕೆನಿಸಿದರೆ ಸೌತೆಕಾಯಿ, ಬೇಯಿಸಿದ ಬೀನ್ಸ್ ಕೊಡಿ.

ಹಳೇ ಮೈಸೂರು ಮನೆಗಳ ರೆಡ್ ಆಕ್ಸೈಡ್ ನೆಲವಾಗಲಿ ಹೊಸ ಮನೆಗಳ ಟೈಲ್ಸ್ ಆಗಲಿ, ಮೂರು ಕಾಲಿನ ನಾಯಿಗೆ ಜಾರುಬಂಡೆಯೇ. ಜಾರಿ ಬಿದ್ದರೆ ಉಳಿದ ಮಂಡಿಯ ಅಸ್ಥಿರಜ್ಜು ಹರಿಯಬಹುದು, ಆಮೇಲೆ ಊರಲು ಕಾಲೇ ಇರುವುದಿಲ್ಲ. ಮಲಗುವ ಜಾಗದಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ ರಬ್ಬರ್ ಮ್ಯಾಟಿನ ದಾರಿ ಹಾಸಿ. ಗೋಣಿಚೀಲ ಬೇಡ, ಟೈಲ್ಸ್ ಮೇಲೆ ಅದೇ ಜಾರುತ್ತದೆ. ಉಗುರು, ಅಂಗಾಲಿನ ನಡುವಿನ ಕೂದಲು ಕತ್ತರಿಸುತ್ತಿರಿ. ಊಟದ ತಟ್ಟೆಯನ್ನು ಎದೆಮಟ್ಟಕ್ಕೆ ಎತ್ತರಿಸಿ, ಕುತ್ತಿಗೆ ಬಗ್ಗಿಸಿದಾಗ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ. ಮಲಗಲು ದಪ್ಪ ಹಾಸಿಗೆಯಿರಲಿ, ಇಲ್ಲದಿದ್ದರೆ ಒಂದೇ ಮಗ್ಗುಲಿಗೆ ಒತ್ತುಹುಣ್ಣಾಗುತ್ತದೆ.

ನಡಿಗೆ ಬೇಕು, ಆದರೆ ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಹಲವು ಸಲ. ಏಪ್ರಿಲ್ ಬಿಸಿಲಿನ ಟಾರು ರಸ್ತೆ ಬೇಡ, ಚಾಮುಂಡಿ ಬೆಟ್ಟದ ಮೆಟ್ಟಿಲಂತೂ ಬೇಡವೇ ಬೇಡ. ಈಜು ಒಳ್ಳೆಯ ವ್ಯಾಯಾಮ, ಗಾಯ ಪೂರ್ತಿ ಮಾಗಿದ ಮೇಲೆ, ಲೈಫ್ ಜಾಕೆಟ್ ಹಾಕಿ. ದೀಪಾವಳಿಯ ಪಟಾಕಿಗೆ ಬೆದರಿ ಓಡಿದ ನಾಯಿ ಮಹಡಿ ಮೆಟ್ಟಿಲಲ್ಲಿ ಉರುಳದಂತೆ ಅಡ್ಡಗೇಟು ಇರಲಿ.

ಕೃತಕ ಕಾಲು ಮತ್ತು ಕ್ಯಾನ್ಸರ್

ಜೈಪುರದ ಪಶುವೈದ್ಯ ಡಾ. ತಪೇಶ್ ಮಾಥುರ್ ಅವರ ‘ಕೃಷ್ಣ ಲಿಂಬ್’ ಎಂಬ ಕೃತಕ ಕಾಲಿನ ಸುದ್ದಿ ನೋಡಿ ಹಲವರು ಆಸೆಪಡುತ್ತಾರೆ. ಅಂಥ ಕಾಲು ತೊಡಿಸಲು ಮೊಂಡು ಭಾಗ ಉಳಿದಿರಬೇಕು. ಹೆಗಲಿನಿಂದಲೋ ಸೊಂಟದಿಂದಲೋ ತೆಗೆದ ಮೇಲೆ ಸಿಕ್ಕಿಸಲು ಏನೂ ಇರುವುದಿಲ್ಲ. ಆ ಯೋಚನೆಯಿದ್ದರೆ ಆಪರೇಷನ್‌ಗೆ ಮೊದಲೇ ಹೇಳಬೇಕು. ಬಹುಪಾಲು ನಾಯಿಗಳಿಗೆ ಅದರ ಅಗತ್ಯವೂ ಬೀಳುವುದಿಲ್ಲ.

ಮೂಳೆ ಕ್ಯಾನ್ಸರಿಗಾಗಿ ಕಾಲು ತೆಗೆಸಿದವರಿಗೆ ನೇರ ಮಾತು ಬೇಕು. ಕಾಲು ತೆಗೆದರೆ ಆ ನೋವು ಹೋಗುತ್ತದೆ, ಕಾಯಿಲೆ ಹೋಗುವುದಿಲ್ಲ. ಆಪರೇಷನ್ ಒಂದೇ ಆದರೆ ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು, ಕೀಮೋಥೆರಪಿ ಸೇರಿದರೆ ವರ್ಷದ ಆಸುಪಾಸು ಆಯಸ್ಸು. ಕೆಮ್ಮು, ಉಸಿರಾಟದ ಕಷ್ಟ ಕಂಡರೆ ಶ್ವಾಸಕೋಶದ ಪರೀಕ್ಷೆ ಮಾಡಿಸಿ. ಮೈಸೂರಿನಲ್ಲಿ ಪಶುವೈದ್ಯಕೀಯ ಕಾಲೇಜಿಲ್ಲ. ದೊಡ್ಡ ಪರೀಕ್ಷೆ, ಎರಡನೇ ಅಭಿಪ್ರಾಯ ಬೇಕೆಂದರೆ ಹಾಸನ ಅಥವಾ ಬೆಂಗಳೂರು ಹೆಬ್ಬಾಳದ ಕಾಲೇಜಿಗೆ ಹೋಗಬೇಕು. ಹೋಗುವಾಗ ಎಕ್ಸ್‌ರೇ, ಬಯಾಪ್ಸಿ ವರದಿ, ಕೊಟ್ಟ ಔಷಧಿಗಳ ಚೀಟಿ ಎಲ್ಲ ಜೊತೆಗಿರಲಿ.

ಉಳಿದ ನಾಯಿಗಳಿಗೆ ಒಂದು ಸುಲಭದ ಅಭ್ಯಾಸ ಸಾಕು. ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ ನಡೆಸಿ, ಎದುರಿನಿಂದಲೂ ಪಕ್ಕದಿಂದಲೂ ಅರ್ಧ ನಿಮಿಷದ ವಿಡಿಯೊ ತೆಗೆಯಿರಿ, ಅದೇ ದಿನ ತೂಕ ಬರೆದಿಡಿ. ಏಳುವಾಗ ತಡವರಿಸುವುದು, ಹೆಜ್ಜೆ ಚಿಕ್ಕದಾಗುವುದು, ಅರ್ಧ ದಾರಿಗೆ ಕೂತುಬಿಡುವುದು ದಿನವೂ ನೋಡುವವರ ಕಣ್ಣಿಗೆ ಬೀಳುವುದಿಲ್ಲ, ಹಳೆಯ ವಿಡಿಯೊ ಪಕ್ಕಕ್ಕಿಟ್ಟರೆ ಥಟ್ಟನೆ ಕಾಣುತ್ತದೆ. ಆರು ತಿಂಗಳಿಗೊಮ್ಮೆ ಅದನ್ನು ವೈದ್ಯರಿಗೆ ತೋರಿಸಿ, ಮೂರೂ ಕಾಲಿನ ಕೀಲುಗಳನ್ನು ಒಂದೊಂದಾಗಿ ಮಡಿಸಿ ನೋಡಲು ಕೇಳಿ.